ಬಯ್ಯಪ್ಪನ ಬಿಳಿ ಗೂಡು

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
7 ಸೆಪ್ಟೆಂಬರ್ 2004

ಪ್ರೀತಿಯ ತನುಜತ್ತೆ,

ನಿನ್ನೆ ಸಂಜೆ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟವಳು ಒಂದು ಸಲ ತಿರುಗಿಯೂ ನೋಡಲಿಲ್ಲ ನೀನು. ತಾತ ಸತ್ತು ಮೂರು ದಿನವಾಗಿರಲಿಲ್ಲ, ನೀನೂ ಅಪ್ಪನೂ ನೆಂಟರ ಮುಂದೆಯೇ ಕಿತ್ತಾಡಿಬಿಟ್ಟಿರಿ. ತಪ್ಪು ಯಾರದು ಅಂತ ನಾನು ಹೇಳುವುದಿಲ್ಲ, ಹೇಳಿದರೆ ಇಬ್ಬರೂ ಸೇರಿ ನನ್ನ ಮೇಲೆ ಬೀಳುತ್ತೀರಿ. ನನಗೆ ಕರ್ಮಗಿರ್ಮ ಬೇಡ, ಬುದ್ಧವಂದನೆ ಹೇಳಿ ಮಣ್ಣು ಮಾಡಿ ಅಂತ ತಾತ ಹೇಳಿದ್ದು ನಿಜ. ಅಜ್ಜಿಯ ಸಮಾಧಾನಕ್ಕೆ ಅಪ್ಪ ಹನ್ನೊಂದು ದಿನದ ಸೂತಕ ಹಿಡಿದದ್ದೂ ನಿಜ.

ಈ ಕಾಗದ ಬರೆಯುತ್ತಿರುವುದು ರೇಷ್ಮೆ ಹುಳುಗಳ ವಿಷಯಕ್ಕೆ. ಫೋನು ನಡುಮನೆಯಲ್ಲಿದೆ, ನಡುಮನೆ ತುಂಬ ನೆಂಟರು. ಅದಕ್ಕೇ ನಾಳೆ ಕಾಲೇಜಿಗೆ ಹೋದಾಗ ಶಿಡ್ಲಘಟ್ಟದಲ್ಲಿ ಗೌರಿಬಿದನೂರು ಬಸ್ಸಿನ ಕಂಡಕ್ಟರ್ ಕೈಗೆ ಇದನ್ನು ಕೊಡುತ್ತೇನೆ. ನಿಮ್ಮ ಸ್ಕೂಲಿನ ಗೇಟಿನಲ್ಲಿ ಕೊಟ್ಟು ಹೋಗುತ್ತಾನೆ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೆ ಧೈರ್ಯ ಬರುತ್ತದೆ. ಹುಳು ಮನೆಯಲ್ಲಿ ಈಗ ಇರುವುದು ತಾತನ ಮೂರನೇ ಬಿಳಿ ಬೆಳೆ. ಊರಿನವರೆಲ್ಲ ಹಳದಿ ಗೂಡು ಕಟ್ಟುವ ಹುಳು ಸಾಕಿದರೆ ತಾತನಿಗೆ ಮಾತ್ರ ಬಿಳಿ ಗೂಡಿನದೇ ಹಟ. ಹಿಂದಿನ ಎರಡು ಸಲವೂ ಹುಳುಗಳೆಲ್ಲ ಸತ್ತು, ಗುಂಡಿ ತೋಡಿ ಮುಚ್ಚಿದ್ದನ್ನು ನೀನೂ ನೋಡಿದ್ದೀಯ. ಪಕ್ಕದ ಮನೆಯ ಚೆನ್ನರಾಯಪ್ಪ "ಬಿಳಿ ಬಯ್ಯಪ್ಪ" ಅಂತ ಹೆಸರಿಟ್ಟ ಮೇಲೆ ಊರಿಗೇ ಅದು ಹೆಸರಾಯಿತು. ಈ ಸಲ ಗೆಲ್ಲುತ್ತೇನೆ ಕಣಮ್ಮ ಅಂತ ತಾತ ಹೇಳುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವರು ತೋಟದಲ್ಲೇ ಕುಸಿದರು. ಕುಡುಗೋಲು ಕೈಯಲ್ಲೇ ಇತ್ತು.

ಈಗ ನೋಡು ಪಜೀತಿ. ಸೂತಕದ ಮನೆಯವರು ಹುಳು ಮನೆಯ ಹೊಸ್ತಿಲು ದಾಟಬಾರದಂತೆ, ದಾಟಿದರೆ ಹುಳು ಸಾಯುತ್ತವಂತೆ. ಹೊರಗಿನವರನ್ನು ಕರೆಯೋಣ ಅಂದರೆ ಪ್ರತಿ ಮನೆಯಲ್ಲೂ ಹುಳು ಇವೆ. ನಮ್ಮ ಬಾಗಿಲು ತುಳಿದು ಹೋದರೆ ಅವರ ಹುಳು ಸಾಯುತ್ತವೆ ಅನ್ನುವ ಭಯ. ಚೆನ್ನರಾಯಪ್ಪ ಬೇಲಿಯಾಚೆಯೇ ನಿಂತು, "ಹೋದವನೇ ಹೋದ, ಹುಳ ಯಾವ ಲೆಕ್ಕ? ಎತ್ತಿ ತಿಪ್ಪೆಗೆ ಹಾಕ್ರಪ್ಪಾ" ಅಂದ. ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದ. ನನಗೆ ರೇಗಿಹೋಯಿತು.

ಹುಳು ಮೂರನೇ ಜ್ವರ ಮುಗಿಸಿ ಪೊರೆ ಬಿಟ್ಟು ಎದ್ದಿವೆ ಅತ್ತೆ. ಎದ್ದ ಹುಳು ಹಸಿದಿರುತ್ತದೆ. ನಿನ್ನೆ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದಾಗ ಹಿಂಬಾಗಿಲಿಂದ ಒಳಗೆ ಹೋದೆ. ಅವು ತಲೆ ಎತ್ತಿಕೊಂಡು ಕಾಯುತ್ತಿದ್ದವು. ಸೊಪ್ಪು ಹಾಕಿದೆ. ಅಳು ಬಂತು, ಹುಳುವಿನ ಮೇಲೆ ಕಣ್ಣೀರು ಬಿದ್ದರೆ ಏನಾಗುತ್ತದೋ ಅಂತ ಹೊರಗೆ ಬಂದು ಅತ್ತುಬಿಟ್ಟೆ. ಅಮ್ಮನಿಗೆ ಗೊತ್ತು, ಕಂಡರೂ ಕಾಣದವಳ ಹಾಗೆ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಾ ಕೂರುತ್ತಾಳೆ.

ನಾನು ಮಾಡಿದ್ದು ಸರಿಯೋ ತಪ್ಪೋ ಬರಿ. ತಪ್ಪು ಅಂದರೂ ನಿಲ್ಲಿಸುವುದಿಲ್ಲ.

ನಿನ್ನ
ರೂಪ

*

ಗೌರಿಬಿದನೂರು
8 ಸೆಪ್ಟೆಂಬರ್ 2004

ಚಿರಂಜೀವಿ ರೂಪಾ,

ಕಾಗದ ಒಂಬತ್ತನೇ ಕ್ಲಾಸಿನ ಪಾಠದ ಮಧ್ಯೆ ಬಂತು. ಓದಿ ಮಡಚಿಟ್ಟು ಪಾಠ ಮುಂದುವರಿಸಿದೆ. ಏನು ಪಾಠ ಮಾಡಿದೆನೋ ದೇವರೇ ಬಲ್ಲ. ನಮ್ಮ ವಿಜ್ಞಾನದ ಮೇಡಂಗೆ ಇವತ್ತು ಏನೋ ಆಗಿದೆ ಅಂತ ಮಕ್ಕಳು ಮಾತಾಡಿಕೊಂಡರಂತೆ.

ನೀನು ಮಾಡಿದ್ದು ಸರಿ. ಯಾಕೆ ಸರಿ ಅಂತ ಒಂದು ಸಂಗತಿ ಹೇಳುತ್ತೇನೆ, ಇದನ್ನು ನಿನ್ನ ಅಪ್ಪ ನಿನಗೆ ಹೇಳಿರಲಿಕ್ಕಿಲ್ಲ. ನಾನು ದೊಡ್ಡವಳಾದಾಗ ಹದಿಮೂರು ವರ್ಷ. ಆವತ್ತಿನಿಂದ ತಿಂಗಳಿಗೆ ಮೂರು ದಿನ ನನಗೆ ಹುಳು ಮನೆ ಬಂದ್. ಅಲ್ಲಿಯವರೆಗೆ ಹುಳುವಿನ ಕೆಲಸದಲ್ಲಿ ಅಪ್ಪನ ಬಲಗೈ ನಾನೇ ಆಗಿದ್ದೆ. ಮೊದಲ ಸಲ ಹೊರಗೆ ಕೂತು ನಾನು ಮುಖ ಊದಿಸಿಕೊಂಡಿದ್ದನ್ನು ಅಪ್ಪ ಎರಡು ದಿನ ನೋಡಿದರು. ಮೂರನೇ ದಿನ ಬೆಳಗ್ಗೆ ಬಂದು, "ಏಳಮ್ಮ, ಕೈ ಕಾಲು ತೊಳ್ಕೊ, ಸೊಪ್ಪು ಹಾಕೋಣ" ಅಂದರು. ನಮ್ಮ ಅಜ್ಜಿ ಬಾಯಿ ಬಡಿದುಕೊಂಡರು. ಅಪ್ಪ ಹೇಳಿದ್ದು ಇಷ್ಟೇ: "ಹುಳಕ್ಕೆ ಕೊಳೆ ಕಂಡ್ರೆ ಆಗಲ್ಲ, ಹೊಗೆ ಕಂಡ್ರೆ ಆಗಲ್ಲ. ನನ್ನ ಮಗಳು ಎರಡೂ ಅಲ್ಲ." ಆ ಬೆಳೆ ಚೆನ್ನಾಗಿ ಬಂತು. ಆಮೇಲೆ ನಮ್ಮ ಮನೆಯಲ್ಲಿ ಆ ಕಟ್ಟುಪಾಡು ಇರಲಿಲ್ಲ. ನೀನು ಅದಿಲ್ಲದೇ ಬೆಳೆದವಳು, ನಿನಗೆ ಅದು ಇತ್ತು ಅಂತಲೇ ಗೊತ್ತಿಲ್ಲ.

ಬಿಳಿ ಗೂಡಿನ ಹಟ ಯಾಕೆ ಬಂತು ಅಂತಲೂ ತಿಳಿದುಕೋ. ಬಿಳಿ ಹುಳು ಸಾಕುವ ತರಬೇತಿಗೆ ಹೋದಾಗ ಒಬ್ಬ ಆಫೀಸರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಇದು ನಿಮ್ಮಂಥವರ ಕೈಲಿ ಆಗುವ ಕೆಲಸವಲ್ಲ, ಇದಕ್ಕೆ ಶುದ್ಧವಾದ ಬೇರೆ ಮನೆ ಬೇಕು ಅಂದನಂತೆ. ಅಪ್ಪ ಎದುರು ಮಾತಾಡಲಿಲ್ಲ. ಊರಿಗೆ ಬಂದು ಚಪ್ಪಡಿ ಕಲ್ಲು ಹೊತ್ತು ಹಾಕಿಸಿ ಆ ಹುಳು ಮನೆ ಕಟ್ಟಿದರು. ಆಗ ಅವರಿಗೆ ಅರವತ್ತಾರು ವರ್ಷ.

ಹಾಗಾಗಿ ಈ ಬೆಳೆ ಹಾಳಾಗಬಾರದು ರೂಪಾ. ಹಾಳಾದರೆ ಅಪ್ಪ ಬಿಳಿ ಬಯ್ಯಪ್ಪನಾಗಿಯೇ ಉಳಿದುಬಿಡುತ್ತಾರೆ. ಗಾಳಿ ಆಡಲಿ. ಸತ್ತವರ ಮನೆ ಅಂತ ಯಾರೂ ಸಾಂಬ್ರಾಣಿ ಹೊಗೆ ಅತ್ತ ಬಿಡದಂತೆ ನೋಡಿಕೋ. ಸೊಪ್ಪಿಗೆ ಒಂದು ಹನಿ ನೀರೂ ತಾಗಬಾರದು, ಇಬ್ಬನಿ ಆರಿದ ಮೇಲೇ ಕೊಯ್ಯಬೇಕು. ಅಪ್ಪ ಬಾಗಿಲಿಗೆ ಕಿವಿ ಕೊಟ್ಟು ಕೇಳುತ್ತಿದ್ದರಲ್ಲ, ಹಾಗೆ ಕೇಳು. ಹುಳು ಚೆನ್ನಾಗಿ ಮೇಯುತ್ತಿದ್ದರೆ ಹೆಂಗಸರು ಹೊಸ ಸೀರೆ ಉಟ್ಟು ಓಡಾಡಿದ ಹಾಗೆ ಸರಬರ ಅನ್ನುತ್ತದೆ.

ನಾನು ವಿಚಾರಿಸಿದೆ ಅಂತ ನಿನ್ನ ಅಪ್ಪನಿಗೆ ಹೇಳಬೇಡ.

ನಿನ್ನ ಅತ್ತೆ
ತನುಜ

*

ಮೇಲೂರು
14 ಸೆಪ್ಟೆಂಬರ್ 2004

ಅತ್ತೆ,

ಕೆಟ್ಟಿತು. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ಬೈಯಬೇಡ.

ಭಾನುವಾರ ಹುಳು ನಾಲ್ಕನೇ ಜ್ವರದಿಂದ ಎದ್ದವು. ಒಂದೂ ಸತ್ತಿರಲಿಲ್ಲ. ಖುಷಿಯಲ್ಲಿ ಮೈಮರೆತು ಮುಂಬಾಗಿಲಿಂದಲೇ ಹೊರಗೆ ಬಂದೆ, ಅಜ್ಜಿ ಎದುರಿಗೇ ನಿಂತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿ ನೋಡಿದರು, ಒಳಗೆ ಹೋದರು. ಒಪ್ಪಿಕೊಂಡರು ಅಂದುಕೊಂಡೆ.

ಅಜ್ಜಿ ಮಾಡಿದ್ದು ಬೇರೆ. ನಾನು ಹೊಸ್ತಿಲು ದಾಟಿ ಮೈಲಿಗೆ ಆಯಿತಲ್ಲ, ಅದನ್ನು ಕಳೆಯಲು ಅರಿಶಿನ ತುಳಸಿ ಹಾಕಿದ ನೀರನ್ನು ಕೊಡದ ತುಂಬ ಮಾಡಿ, ಗೋಣಿ ಕೆಳಗೆ ಮುಚ್ಚಿಟ್ಟಿದ್ದ ಅಷ್ಟೂ ಸೊಪ್ಪಿಗೆ ಚಿಮುಕಿಸಿದ್ದಾರೆ. ಸಂಜೆ ಮಬ್ಬಿನಲ್ಲಿ ನನಗೆ ಗೊತ್ತಾಗಲಿಲ್ಲ. ಆ ಒದ್ದೆ ಸೊಪ್ಪನ್ನೇ, ಎದ್ದು ಹಸಿದಿದ್ದ ಹುಳುಗಳಿಗೆ ನನ್ನ ಕೈಯಾರೆ ಹಾಕಿದೆ.

ಇವತ್ತು ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಒಂಬತ್ತು ತಟ್ಟೆ ಹುಳು ಸಪ್ಪೆಯಾಗಿ ಜೋತು ಬಿದ್ದಿವೆ. ವಾಸನೆ ಬರುತ್ತಿದೆ. ಹನ್ನೊಂದನೇ ದಿನದ ಅಡುಗೆಗೆ ಊರೆಲ್ಲ ಬಂದಿದೆ. ಅಜ್ಜಿಗೆ ವಿಷಯ ತಿಳಿದು ಮೂಲೆಯಲ್ಲಿ ಕೂತಿದ್ದಾರೆ, ಅನ್ನ ಮುಟ್ಟಿಲ್ಲ. "ಅಯ್ಯೋ, ಅವರ ಬೆಳೇನ ನನ್ನ ಕೈಯಾರೆ ಕೊಂದ್ನಲ್ಲೇ" ಅಂತ ಒಂದೇ ಸಮ ಹೇಳುತ್ತಿದ್ದಾರೆ. ನೋಡಿದಿರಾ, ಸೂತಕ ಮುಟ್ಟಿದ್ದಕ್ಕೇ ಹೀಗಾಯ್ತು ಅಂತ ಚೆನ್ನರಾಯಪ್ಪ ಬೆಳಗಿನ ಉಪ್ಪಿಟ್ಟು ತಿನ್ನುತ್ತಲೇ ಹೇಳಿದ.

ಏನು ಮಾಡಲಿ? ಬೇಗ ಹೇಳು.

ರೂಪ

*

ಗೌರಿಬಿದನೂರು
14 ಸೆಪ್ಟೆಂಬರ್ 2004, ಮಧ್ಯಾಹ್ನ

ರೂಪಾ,

ಇದೇ ಬಸ್ಸು ವಾಪಸ್ ಬರುವಾಗ ಕಳಿಸುತ್ತಿದ್ದೇನೆ. ಅಳುವುದನ್ನು ನಿಲ್ಲಿಸಿ ಓದು.

ಸಪ್ಪೆಯಾದ ತಟ್ಟೆಗಳನ್ನು ಹಾಗೇ ಎತ್ತಿ ಹೊರಗೆ ತೆಗೆ. ಕೈಯಲ್ಲಿ ಮುಟ್ಟಬೇಡ, ಕಡ್ಡಿಯಿಂದ ಆರಿಸು. ದೂರದಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚು. ಉಳಿದವಕ್ಕೆ ಎರಡು ಹೊತ್ತು ಸೊಪ್ಪು ಬೇಡ. ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ತೆಳುವಾಗಿ ಉದುರಿಸು, ಎಲ್ಲ ಕಿಟಕಿ ತೆಗೆ. ಕೆಳಗಿನ ಒದ್ದೆ ಹಾಸನ್ನು ಪೂರ್ತಿ ಬದಲಾಯಿಸು. ಅಷ್ಟೂ ತಟ್ಟೆ ಒಬ್ಬಳ ಕೈಲಿ ಆಗುವುದಿಲ್ಲ. ನಿನ್ನ ಅಪ್ಪನನ್ನು ಕರಿ. ಬರದಿದ್ದರೆ, ತನುಜ ಕೈ ಮುಗಿದು ಕೇಳಿಕೊಂಡಳು ಅಂತ ಹೇಳು. ಹೌದು, ಹಾಗೇ ಹೇಳು.

ಅಮ್ಮನಿಗೆ ಊಟ ಮಾಡಿಸು. ಅವರ ಮೇಲೆ ಯಾರೂ ಒಂದು ಮಾತೂ ಆಡಬಾರದು.

ತನುಜ

*

ಮೇಲೂರು
16 ಸೆಪ್ಟೆಂಬರ್ 2004

ಅತ್ತೆ,

ಉಳಿದವು ಮೇಯುತ್ತಿವೆ! ಇವತ್ತು ಬೆಳಗ್ಗೆ ಬಾಗಿಲಿಗೆ ಕಿವಿ ಕೊಟ್ಟೆ, ಸರಬರ ಸರಬರ ಅನ್ನುತ್ತಿದೆ. ನಾನೂ ಅಪ್ಪನೂ ಇಬ್ಬರೂ ಕಿವಿ ಕೊಟ್ಟು ನಿಂತಿದ್ದೆವು.

ಅಪ್ಪ ಬಂದ ಅತ್ತೆ. ನೀನು ಕೈ ಮುಗಿದದ್ದನ್ನು ಹೇಳುವ ಪ್ರಮೇಯವೇ ಬರಲಿಲ್ಲ. ಹನ್ನೊಂದನೇ ದಿನದ ಕೊನೆಯ ಪಂಕ್ತಿ ನಡೆಯುತ್ತಿರುವಾಗಲೇ ನಾನು ಸುಣ್ಣದ ಮೂಟೆ ಎಳೆಯುತ್ತಾ ಹೋಗುವುದನ್ನು ನೋಡಿದ. ಬಡಿಸುತ್ತಿದ್ದ ಸಾರಿನ ಬಕೆಟ್ಟನ್ನು ಚೆನ್ನರಾಯಪ್ಪನ ಎಲೆಯ ಮುಂದೇ ಇಟ್ಟು ನನ್ನ ಹತ್ತಿರ ಬಂದ. ಮೂಟೆ ಹೆಗಲಿಗೆ ಹಾಕಿಕೊಂಡು, ಕೈಕಾಲು ತೊಳೆದು, ಎಲ್ಲರ ಮುಂದೆ ಮುಂಬಾಗಿಲಿಂದಲೇ ಹುಳು ಮನೆಗೆ ನುಗ್ಗಿದ. "ಏನೋ ಮಧು ಇದು, ಸೂತಕದ ಗಂಟೆ ಕಳೀಲಿ ಇರೋ" ಅಂತ ಯಾರೋ ಕೂಗಿದರು. "ನಮ್ಮಪ್ಪನ ಹುಳ ಹಸ್ಕೊಂಡಿದಾವೆ, ಗಂಟೆ ಆಮೇಲೆ ನೋಡೋಣ" ಅಂದ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದಳು. ಮೂವರೂ ಕತ್ತಲಾಗುವವರೆಗೆ ಹಾಸು ಬದಲಾಯಿಸಿದೆವು. ಒಂಬತ್ತು ತಟ್ಟೆ ಹೋದವು, ಮಿಕ್ಕವು ಉಳಿದವು. ಅಪ್ಪ ಗುಂಡಿ ತೋಡುವಾಗ ಅಳುತ್ತಿದ್ದ. ತಾತನಿಗೆ ಗುಂಡಿ ತೋಡಿದಾಗ ಅಳದವನು ಹುಳುವಿನ ಗುಂಡಿಗೆ ಅತ್ತ.

ಇನ್ನು ಮೂರ್ನಾಲ್ಕು ದಿನಕ್ಕೆ ಹುಳು ಹಣ್ಣಾಗುತ್ತವೆ. ಆರಿಸಿ, ಗೂಡು ಕಟ್ಟಿಸುವ ಬಿದಿರ ಚಂದ್ರಿಕೆಗೆ ಹಾಕಲು ಕೈ ಸಾಲುವುದಿಲ್ಲ. ಶನಿವಾರ ಭಾನುವಾರ ನಿನಗೆ ರಜ ಇರಬೇಕಲ್ಲ ಅಂತ ಅಪ್ಪ ಗೋಡೆ ನೋಡಿಕೊಂಡು ಹೇಳಿದ. ಬರೆಯಬೇಕೇ ಅಂದೆ. "ಬರೀ ಅಂತ ನಾನೇನು ಹೇಳಲಿಲ್ಲವಲ್ಲ" ಅಂದ. ಬರೆದಿದ್ದೇನೆ.

ರೂಪ

*

ಮೇಲೂರು
27 ಸೆಪ್ಟೆಂಬರ್ 2004

ತಂಗಿ ತನುಜಾಳಿಗೆ,

ನಿನಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ. ನೀನು ಬಂದ ಎರಡು ದಿನವೂ ಹುಳು ಆರಿಸುವುದರಲ್ಲೇ ಹೋಯಿತು, ಸರಿಯಾಗಿ ನಾಲ್ಕು ಮಾತೂ ಆಡಲಿಲ್ಲ. ಪರವಾಗಿಲ್ಲ ಬಿಡು, ಒಂದೇ ಚಂದ್ರಿಕೆಯ ಆಚೆ ಈಚೆ ಕೂತಿದ್ದೆವಲ್ಲ.

ಇವತ್ತು ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನೀನು ಪರೀಕ್ಷೆ ಇದೆ ಅಂತ ಬರಲಿಲ್ಲ, ನಿನ್ನ ಕರ್ಮ.

ಬೆಳಗ್ಗೆ ಹೋದಾಗ ಹಾಲ್ ತುಂಬ ಹಳದಿ ಗೂಡು. ಮಧ್ಯದ ತೊಟ್ಟಿಗೆ ನಮ್ಮ ಮೂಟೆ ಸುರಿದೆ. ಪಕ್ಕದವರು ಮಾತು ನಿಲ್ಲಿಸಿ ನೋಡಿದರು. ಬಿಡಿಸಿಟ್ಟ ಮಲ್ಲಿಗೆ ಮೊಗ್ಗಿನ ಹಾಗೆ ಇತ್ತು ತನುಜಾ, ಒಂದು ಕಲೆ ಇಲ್ಲ, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಒಂದೂ ಇಲ್ಲ. ಗುಮಾಸ್ತ ಹೆಸರು ಕೇಳಿದ. ಮಧುಸೂದನ್ ಅನ್ನಲು ಬಾಯಿ ತೆಗೆದೆ, ಬಂದದ್ದು ಬಯ್ಯಪ್ಪ ಅಂತ. ಬರೆದುಕೊಂಡ.

ನೂಲು ತೆಗೆಯುವ ಪ್ಯಾರೇಜಾನ್ ಸಾಬರು ನೆನಪಿದ್ದಾರಲ್ಲ, ಬಿಳಿ ಹುಳುವಿನ ಹುಚ್ಚು ಬಿಡು ಅಂತ ಅಪ್ಪನನ್ನು ಹೋದ ಸಲ ಎಲ್ಲರೆದುರು ಬೈದವರು. ಅವರು ಬಂದು ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಹೆಬ್ಬೆರಳಿಂದ ಒತ್ತಿದರು. ಇನ್ನೊಂದು ಎತ್ತಿದರು, ಮತ್ತೊಂದು ಎತ್ತಿದರು. "ಎಲ್ಲಪ್ಪಾ ನಿಮ್ಮ ಬಯ್ಯಪ್ಪ? ಕರಿ, ಇವತ್ತು ನಾನು ಚಾ ಕುಡಿಸ್ಬೇಕು ಅವನಿಗೆ" ಅಂದರು. ನಾನು ಹೇಳಿದೆ. ಆ ಮುದುಕರು ಗೂಡು ಹಿಡಿದ ಕೈಯನ್ನು ಎದೆಗೆ ಇಟ್ಟುಕೊಂಡರು.

ಹರಾಜು ಶುರುವಾಯಿತು. ಸಾಬರು ಮೊದಲ ಕೂಗೇ ಎತ್ತರಕ್ಕೆ ಹಾಕಿದರು. ಚಿಂತಾಮಣಿ ಕಡೆಯವನೊಬ್ಬ ಮೇಲೆ ಹೋದ. ಸಾಬರು ಇನ್ನೂ ಮೇಲೆ ಹೋದರು. ಬೇರೆ ತೊಟ್ಟಿಗಳ ಹತ್ತಿರ ಇದ್ದವರೆಲ್ಲ ಬಂದು ಸುತ್ತುವರಿದರು. ಕೊನೆಗೆ ಸಾಬರು ಟೋಪಿ ತೆಗೆದು ಗೂಡಿನ ಮೇಲೇ ಇಟ್ಟು, "ಇದು ನನ್ದು, ಯಾರೂ ಮುಟ್ಬೇಡಿ" ಅಂತ ಗದರಿಸಿಬಿಟ್ಟರು. ನಗು ಎದ್ದಿತು. ಇವತ್ತು ಇಡೀ ಮಾರ್ಕೆಟ್ಟಿಗೆ ಅದೇ ಮೇಲಿನ ಕೂಗು.

ಎಲ್ಲಕ್ಕಿಂತ ಮೇಲೆ ಹೋದ ಗೂಡು ಯಾರದು ಅಂತ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬರೆದರು. "ಬಯ್ಯಪ್ಪ, ಮೇಲೂರು." ಚೆನ್ನರಾಯಪ್ಪನೂ ತನ್ನ ಗೂಡು ತಂದಿದ್ದ. ಬೋರ್ಡಿನ ಮುಂದೆ ನಿಂತು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಆಮೇಲೆ ನನ್ನ ಭುಜದ ಮೇಲೆ ಕೈ ಹಾಕಿ, "ನಂದು ತಪ್ಪಾಯ್ತು ಕಣೋ ಮಧು, ಆ ಪುಣ್ಯಾತ್ಮನ ಬಾಯ್ಮೇಲೆ ಹೊಡ್ದಂಗೆ ಮಾತಾಡ್ಬಿಟ್ಟೆ" ಅಂದ. ಬೈಯೋಣ ಅನ್ನಿಸಿತು, ಬೈಯಲಾಗಲಿಲ್ಲ. ಇಬ್ಬರೂ ಚಾ ಕುಡಿದೆವು.

ಅಪ್ಪ ಗೆದ್ದ ಕಣೇ. ನನಗೆ ಇನ್ನೇನೂ ಬರೆಯಲು ಬರುವುದಿಲ್ಲ. ಕರ್ಮದ ವಿಷಯದಲ್ಲಿ ನಾನು ಅವರ ಮಾತು ಮೀರಿದೆ, ಅಮ್ಮನ ಮುಖ ನೋಡಿ ಮೀರಿದೆ. ನೀನು ಬೈದದ್ದರಲ್ಲಿ ತಪ್ಪಿರಲಿಲ್ಲ.

ನಿನ್ನ ಅಣ್ಣ
ಮಧುಸೂದನ

*

ಗೌರಿಬಿದನೂರು
2 ಅಕ್ಟೋಬರ್ 2004

ಪ್ರೀತಿಯ ಅಣ್ಣ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಸಾಬರ ಟೋಪಿ ಬಂದಾಗ ಎಲ್ಲರೂ ನಕ್ಕರು, ಬೋರ್ಡು ಬಂದಾಗ ನಾನು ಕಣ್ಣೊರೆಸಿಕೊಳ್ಳಲು ನಿಲ್ಲಿಸಿದೆ. ಸಂಸ್ಕೃತದ ಮೇಷ್ಟ್ರು ಕಾಗದ ಇಸಿದುಕೊಂಡು ಮಿಕ್ಕದ್ದನ್ನು ಓದಿದರು.

ನನ್ನ ಮದುವೆಯ ದಿನ ನೆನಪಿದೆಯಾ? ಎಲ್ಲ ಸಿದ್ಧವಾಗಿ ಕೂತಿದ್ದೇವೆ, ಹೆಣ್ಣಿನ ಅಪ್ಪನೇ ಇಲ್ಲ. ನೀನು ಸೈಕಲ್ಲು ಹತ್ತಿ ಹುಡುಕಿಕೊಂಡು ಹೋದೆ. ಅಪ್ಪ ಹುಳುವಿಗೆ ಮಧ್ಯಾಹ್ನದ ಸೊಪ್ಪು ಹಾಕಲು ಹೋಗಿದ್ದರು! ಹೊಸ ಪಂಚೆ ಎತ್ತಿ ಕಟ್ಟಿಕೊಂಡು, ತಲೆಯಲ್ಲಿ ಸೊಪ್ಪಿನ ಚೂರು ಇಟ್ಟುಕೊಂಡು ಬಂದು ನಿಂತರು. ನೀನು ರೇಗಿದೆ. "ಮಗಳ ಮದುವೆ ಅಂತ ಅವಕ್ಕೆ ಗೊತ್ತಾಗುತ್ತೇನೋ, ಹಸಿವು ಗೊತ್ತಾಗುತ್ತೆ" ಅಂದರು. ಮದುವೆ ಫೋಟೋದಲ್ಲಿ ಆ ಸೊಪ್ಪಿನ ಚೂರು ಈಗಲೂ ಕಾಣುತ್ತದೆ. ಆವತ್ತು ನನಗೆ ಸಿಟ್ಟು ಬಂದಿತ್ತು. ಈಗ ಆ ಫೋಟೋ ತೆಗೆದು ತೆಗೆದು ನೋಡುತ್ತೇನೆ. ಎಂಥ ಮನುಷ್ಯನ ಮಕ್ಕಳು ನಾವು, ಅಣ್ಣಾ!

ಸೂತಕದ ಮನೆಯಲ್ಲಿ ಹಾಗೆ ಬಾಯಿ ಮಾಡಿದ್ದು ನನ್ನದೂ ತಪ್ಪು. ಸಾರಿನ ಬಕೆಟ್ಟು ಇಟ್ಟು ನೀನು ಹೊರಟ ಗಳಿಗೆಯಲ್ಲಿ ಅಪ್ಪನ ಮಾತು ಪೂರ್ತಿಯಾಗಿ ನಡೆಯಿತು ಅಂತಲೇ ನಾನು ತಿಳಿದಿದ್ದೇನೆ. ದಸರಾ ರಜಕ್ಕೆ ಬರುತ್ತೇನೆ.

ಅಮ್ಮ ಹುಳು ಮನೆಯ ಹತ್ತಿರ ಹೋಗುತ್ತಲೇ ಇಲ್ಲ ಅಂತ ರೂಪ ಹೇಳಿದಳು. ಅದೊಂದು ನನ್ನನ್ನು ಕೊರೆಯುತ್ತಿದೆ.

ನಿನ್ನ ತಂಗಿ
ತನುಜ

*

ಮೇಲೂರು
28 ಆಗಸ್ಟ್ 2005

ಮಗಳು ತನುಜಂಗೆ ಅಮ್ಮ ಮಾಡೋ ಆಶೀರ್ವಾದ.

ಬರೀತಿರೋದು ರೂಪ, ಮಾತು ನಂದು. ಹೇಳಿದ್ ಹೇಳಿದ್ ಹಾಗೇ ಬರಿಯೇ, ನಿನ್ನ ಕಾಲೇಜಿನ ಕನ್ನಡ ಸೇರಿಸ್ಬೇಡ ಅಂತ ಹೇಳಿದೀನಿ.

ನಿಮ್ಮಪ್ಪ ಹೋಗಿ ವರ್ಷ ಆಗ್ತಾ ಬಂತು. ಈ ವರ್ಷ ಪೂರ್ತಿ ನಾನು ಆ ಹುಳದ ಮನೆ ಕಡೆ ಕಾಲು ಹಾಕ್ಲಿಲ್ಲ ಕಣಮ್ಮ. ಯಾರೂ ನನ್ನ ಒಂದು ಮಾತು ಅನ್ಲಿಲ್ಲ. ಅನ್ನದೇ ಇದ್ದಿದ್ದೇ ಜಾಸ್ತಿ ಸುಟ್ಟಿದ್ದು. ಆ ಅರಿಶಿನದ ನೀರು ಹಾಕ್ದಾಗ ನನಗೆ ಹುಳದ ಚಿಂತೆ ಇರ್ಲಿಲ್ಲ. ಗಂಡನ್ನ ಕಳ್ಕೊಂಡಿದ್ದೆ, ಮೊಮ್ಮಗಳಿಗೂ ಏನಾದ್ರೂ ಆಗೋಗುತ್ತೇನೋ ಅಂತ ಭಯ. ಆ ಭಯಕ್ಕೆ ಒಂಬತ್ತು ತಟ್ಟೆ ಹುಳ ಬಲಿ ಆಯ್ತು.

ಇನ್ನೊಂದು ಇದೆ. ನಮ್ಮಲ್ಲಿ ಹೊಸ ಹುಳ ಬಂದಾಗ ಮನೆ ಮುತ್ತೈದೆ ಕೈಲಿ ಮೊದಲನೇ ಸೊಪ್ಪು ಹಾಕಿಸ್ತಾರಲ್ಲ, ನಾನು ಈ ಮನೆಗೆ ಬಂದಾಗಿಂದ ನಲವತ್ತೆಂಟು ವರ್ಷ ಅದು ನನ್ನ ಕೈಯೇ. "ಆದಿ, ಬಾ, ನೀನು ಹಾಕಿದ್ರೆ ಅವು ತಿನ್ನೋದು" ಅಂತ ಕರೀತಿದ್ರು ನಿಮ್ಮಪ್ಪ. ಅವರು ಹೋದ ದಿನಾನೇ ನನ್ನ ಕೈಯೂ ಹೋಯ್ತು ಅನ್ಕೊಂಡಿದ್ದೆ. ಆಮೇಲಿನ ಬೆಳೆಗೆಲ್ಲ ಸೊಸೆ ಹಾಕಿದ್ಳು. ನಾನು ಅಡುಗೆ ಮನೇಲಿ ಕೂತು ಕಣ್ಣು ಒರೆಸ್ಕೊಳ್ತಿದ್ದೆ.

ಈ ತಿಂಗಳು ಮೊದಲನೇ ವಾರ ಹುಳ ಬಂದ್ವು. ಬೆಳಗ್ಗೆ ಸೊಸೆ ಬುಟ್ಟಿ ತಂದು ನನ್ನ ಮಡಿಲಲ್ಲಿ ಇಟ್ಳು. "ಅತ್ತೆ, ನೀವು ಹಾಕಿ" ಅಂದ್ಳು. ನಾನು, ಹುಚ್ಚೀನಾ ನೀನು, ಬೋಳು ಹಣೆಯೋಳು ನಾನು ಅಂದೆ. ಮಧು ಬಾಗಿಲಲ್ಲಿ ನಿಂತಿದ್ದ. "ಅಮ್ಮ, ಹುಳ ಯಾರ ಹಣೇನೂ ನೋಡಲ್ಲ. ಅಪ್ಪ ನಿನ್ನ ಕೈ ನಂಬಿದ್ರು, ನಿನ್ನ ಕುಂಕುಮ ಅಲ್ಲ" ಅಂದ. ನನ್ನ ಮಗ ಇಷ್ಟು ಮಾತು ಕಲ್ತಿದ್ದು ಯಾವಾಗಮ್ಮ? ಚೆನ್ನರಾಯಪ್ಪನ ಹೆಂಡ್ತಿ ವೆಂಕಟರತ್ನಮ್ಮ ಬೇಲಿ ಆಚೆಯಿಂದ ನೋಡ್ತಾ ಇದ್ಳು. ನೋಡ್ಲಿ ಅಂತ ಎದ್ದೆ. ಕೈಕಾಲು ತೊಳ್ಕೊಂಡೆ. ಹೊಸ್ತಿಲು ದಾಟಿದೆ. ಸೊಪ್ಪು ಹಾಕಿದೆ. ಹುಳ ಘಮ ಕಂಡು ತಲೆ ಎತ್ತಿದ್ವು, ತಿಂದ್ವು. ಅಷ್ಟೇ ನೋಡು. ಅಷ್ಟಕ್ಕೆ ನಾನು ಒಂದು ವರ್ಷ ಹೆದರಿ ಕೂತಿದ್ದೆ.

ಬೆಳೆ ಹೆಂಗೆ ಬಂತು ಅಂತ ಕೇಳ್ತೀಯ. ಶುಕ್ರವಾರ ಗೂಡು ಬಿಡಿಸಿದ್ವಿ. ಹೋದ ವರ್ಷದ್ದನ್ನೂ ಮೀರಿಸ್ತು. ಒಂದು ತಟ್ಟೇನೂ ಹೋಗ್ಲಿಲ್ಲ, ಒಂದೂ! ಈಗ ನಮ್ಮ ಬೀದೀಲಿ ಹನ್ನೊಂದು ಮನೆ ಬಿಳಿ ಹುಳ ಸಾಕ್ತಿದಾರೆ. ಬಿಳಿ ಬಯ್ಯಪ್ಪ ಅನ್ನೋದು ಈಗ ಬೈಗುಳ ಅಲ್ಲ ಕಣೇ, ಬಿಳಿ ಬಯ್ಯಪ್ಪನ ಮನೆ ಯಾವುದು ಅಂತ ಬೇರೆ ಊರಿಂದ ಕೇಳ್ಕೊಂಡು ಬರ್ತಾರೆ.

ಇವತ್ತು ಹೊತ್ತು ಮುಳುಗೋ ಮುಂಚೆ ವೆಂಕಟರತ್ನಮ್ಮ ಬಂದ್ಳು. ಹೋದ ವರ್ಷ ನಮ್ಮ ಸೂತಕ ತಾಗುತ್ತೆ ಅಂತ ನಾನು ಎದುರಿಗೆ ಬಂದ್ರೆ ಬಾಗಿಲು ಹಾಕ್ಕೊಂಡೋಳು. ಅರಿಶಿನ ಕುಂಕುಮ ಇಟ್ಕೊಂಡಿರೋ ಗಟ್ಟಿ ಮುತ್ತೈದೆ. ಕೂತ್ಳು, ನಿಂತ್ಳು, ಸೆರಗು ತಿರುಚಿದ್ಳು. ಆಮೇಲೆ, "ಏಮ್ಮಾ ಆದಿಲಕ್ಷ್ಮಮ್ಮ, ರೇಪು ಮಾ ಇಂಟಿಕಿ ರಾವಾಲ. ನಾಳೆ ನಮ್ಮನೇಗೆ ಬರ್ಬೇಕು, ಹೊಸ ಹುಳ ಬರ್ತವೆ. ಮೊದಲನೇ ಸೊಪ್ಪು ನೀನೇ ಬಂದು ಹಾಕ್ಬೇಕು" ಅಂದ್ಳು.

ನಾನು ಬರ್ತೀನಿ ಅಂದೆ.

ನಿನ್ನ ಅಮ್ಮ
ಆದಿಲಕ್ಷ್ಮಮ್ಮ